ಮಗು ಕೊಡಬೇಡಿ ಅನ್ನುವವರಿಗೆ

ಜೈಲಿನಿಂದ ಬಂದ ತಾಯಿಗೆ ಮಗುವನ್ನು ಒಪ್ಪಿಸಬಾರದೆಂದು ಆದೋನಿ ಸೀಮೆಯ ಕಟ್ಟೆಗಳ ಮೇಲೆ ವಾದಿಸುವವರಿಗೆ ಈ ಉತ್ತರ.

‘ಜೈಲು ಕಂಡವಳಿಗೆ ಹಕ್ಕೆಲ್ಲಿ?’

ದೇಶದ ಕೈದಿಗಳಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನರು; ಜೈಲು ಕಂಡವರೆಲ್ಲ ಅಪರಾಧಿಗಳಲ್ಲ. ಅಪರಾಧಿಯೇ ಆಗಿದ್ದರೂ, 1956ರ ಹಿಂದೂ ಪಾಲಕತ್ವ ಕಾಯ್ದೆ ಸಹಜ ಪಾಲಕರ ಅಧಿಕಾರ ಹೋಗಲು ಹೇಳುವ ಕಾರಣ ಎರಡೇ: ಧರ್ಮ ಬಿಡುವುದು, ಸಂನ್ಯಾಸ ಹಿಡಿಯುವುದು. ಜೈಲಿನ ಮಾತೇ ಅಲ್ಲಿಲ್ಲ. ತಕರಾರು ಬಂದರೆ ಕೋರ್ಟು ಮಗುವಿನ ಹಿತ ನೋಡುತ್ತದೆ. ಮಗುವಿಗೇ ಹಿಂಸೆ ಕೊಟ್ಟ ಪ್ರಕರಣವಿದ್ದರೆ ಅದನ್ನೂ ಅಲ್ಲೇ ಹೇಳಿ, ಕಟ್ಟೆಯ ಮೇಲಲ್ಲ.

‘ಮಗು ಅವಳನ್ನು ಮರೆತಿದೆ.’

ಕೋಸಿಗಿ, ಕೌತಾಳಂ ಕಡೆಯ ಎಷ್ಟೋ ತಾಯಂದಿರು ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ಗುಳೆ ಹೋಗುತ್ತಾರೆ. ಮರಳಿದಾಗ ಕೂಸು ಅಜ್ಜಿಯ ಸೆರಗು ಹಿಡಿದು ಹಿಂದೆ ಅಡಗುತ್ತದೆ. ತಾಯಿ ಮಂಡಕ್ಕಿ ಪೊಟ್ಟಣ ಮುಂದಿಟ್ಟು ಕಾಯುತ್ತಾಳೆ. ದಿನ ಕಳೆದಂತೆ ಕೂಸು ಮಡಿಲಿಗೆ ಬರುತ್ತದೆ. ಆಗ ಯಾರೂ ‘ಕೊಡಬೇಡಿ’ ಅನ್ನುವುದಿಲ್ಲ. ಜೈಲಿನಿಂದ ಬಂದವಳಿಗೂ ಬೇಕಿರುವುದು ಆ ವ್ಯವಧಾನವೇ, ಇನ್ನಷ್ಟು ಹೆಚ್ಚಾಗಿ.

‘ಸಾಕಿದವರು ನಾವು.’

ನಿಜ, ಆ ಋಣ ದೊಡ್ಡದು. ಆದರೆ ಆರ್.ಡಿ. ಉಪಾಧ್ಯಾಯ ಮತ್ತು ಆಂಧ್ರಪ್ರದೇಶ ಸರ್ಕಾರದ ನಡುವಿನ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇನು? ಆರು ವರ್ಷ ತುಂಬುವವರೆಗೆ ಮಗು ತಾಯಿಯ ಜೊತೆ ಜೈಲಿನಲ್ಲಿರಬಹುದು. ಆಮೇಲೆ ಅವಳ ಇಚ್ಛೆಯಂತೆ ತಕ್ಕವರಿಗೆ ಒಪ್ಪಿಸಬೇಕು, ಇಲ್ಲವೇ ಸಮಾಜ ಕಲ್ಯಾಣ ಇಲಾಖೆಯ ಸಂಸ್ಥೆಗೆ ಕಳಿಸಬೇಕು. ಸಂಸ್ಥೆಯಲ್ಲಿರುವ ಮಗುವಿಗೆ ವಾರಕ್ಕೊಮ್ಮೆಯಾದರೂ ತಾಯಿಯ ಭೇಟಿ ಆಗಬೇಕು. ಜೈಲಿನಲ್ಲಿದ್ದಾಗಲೂ ಕೇಳಬೇಕಾದದ್ದು ಅವಳ ಇಚ್ಛೆಯನ್ನೇ. ಹೊರಗೆ ಬಂದ ಮೇಲೆ ಅವಳನ್ನು ಕೇಳುವುದು ಬೇಡವೇ?

‘ಮನೆತನದ ಮಾನ ಹೋಗುತ್ತದೆ.’

ಗಂಡಸು ಜೈಲಿನಿಂದ ಬಂದರೆ ‘ಅಪ್ಪ ಬಂದ ನೋಡು’ ಎಂದು ಮಗುವನ್ನು ಮುಂದೆ ತಳ್ಳುತ್ತೀರಿ. ಹೆಂಗಸು ಬಂದಾಗ ಮಾತ್ರ ಮಾನ ನೆನಪಾಗುತ್ತದೆ. ಜೈಲು ಕಂಡ ತಾಯಿಯಿಂದ ಮಗುವನ್ನು ದೂರಮಾಡುವುದು ನಮ್ಮಲ್ಲಷ್ಟೇ ಇರುವ ರೋಗವಲ್ಲ. ಅಮೆರಿಕದ 1997ರ ಕಾನೂನಿನಂತೆ, ಮಗು 22 ತಿಂಗಳಲ್ಲಿ 15 ತಿಂಗಳು ಸರ್ಕಾರಿ ಆಸರೆಯಲ್ಲಿದ್ದರೆ, ಕೆಲವು ವಿನಾಯಿತಿ ಬಿಟ್ಟು, ಹೆತ್ತವರ ಹಕ್ಕು ರದ್ದುಪಡಿಸಲು ಅರ್ಜಿ ಹಾಕಬೇಕು. ಶಿಕ್ಷೆಯ ಅವಧಿ ಅದಕ್ಕಿಂತ ದೀರ್ಘವಾದಾಗ ಜೈಲುಪಾಲಾದ ಎಷ್ಟೋ ತಾಯಂದಿರು, ಅದರಲ್ಲೂ ಕಪ್ಪು ತಾಯಂದಿರು, ಮಕ್ಕಳನ್ನೇ ಕಳೆದುಕೊಳ್ಳುತ್ತಾರೆ. ಅಲ್ಲಿ ಆ ಕೆಲಸಕ್ಕೆ ಕಾನೂನು ಬೇಕಾಯಿತು. ಇಲ್ಲಿ ಕಟ್ಟೆಯ ಮಾತೇ ಸಾಕು.

ಮಗುವಿನ ಚಿಂತೆ ನಿಮಗೆ ನಿಜವಾಗಿ ಇದ್ದರೆ ಮಾಡುವ ಕೆಲಸ ಬೇಕಾದಷ್ಟಿದೆ. ರೇಷನ್ ಕಾರ್ಡಿಗೆ ಅವಳ ಹೆಸರು ಮತ್ತೆ ಸೇರಿಸಿ. ಹತ್ತಿ ಬಿಡಿಸುವ ಗುಂಪಿಗೆ ಅವಳನ್ನೂ ಕರೆಯಲು ಮೇಸ್ತ್ರಿಗೆ ಹೇಳಿ. ಶಾಲೆಯಲ್ಲಿ ಪೋಷಕರ ಸಭೆ ನಡೆದಾಗ ಅವಳಿಗೂ ಹೇಳಿಕಳಿಸಿ.