ಪಾರ್ಶ್ವವಾಯು: ಬದುಕುಳಿದವರ ಲೆಕ್ಕ ಯಾರ ಬಳಿ?

ಇಳಕಲ್ಲಿನ ನನ್ನ ಸೋದರಮಾವನ ಮನೆಯಲ್ಲೊಂದು ಕೈಮಗ್ಗವಿದೆ. ಆರು ವರ್ಷಗಳಿಂದ ಅದರ ಮೇಲೆ ಹಾಸಿಗೆ, ಹೊದಿಕೆಗಳನ್ನು ಒಟ್ಟಿದ್ದಾರೆ. ಗುಂಡಿಯಲ್ಲಿ ಕಾಲು ಇಳಿಬಿಟ್ಟು ತುಳಿಯುತ್ತ, ಲಾಳಿ ಓಡಿಸುತ್ತ ಸೀರೆ ನೇಯುವ ಕಸುಬಿಗೆ ಎರಡು ಕೈ, ಎರಡು ಕಾಲು ಬೇಕು. ನಮ್ಮ ಕಡೆ ಲಕ್ವ ಎನ್ನುವ ಪಾರ್ಶ್ವವಾಯು ಅವರ ಬಲಭಾಗವನ್ನು ಕಸಿದುಕೊಂಡಿತು.

ಬಾಗಲಕೋಟೆಯ ಆಸ್ಪತ್ರೆಯೊಂದು ಅವರ ಜೀವ ಉಳಿಸಿತು. ಆದರೆ ಮನೆಗೆ ಮರಳಿದ ಮೇಲೆ ಅವರನ್ನು ವಿಚಾರಿಸುವ ಹೊಣೆ ಯಾರಿಗೂ ಇರಲಿಲ್ಲ. ಕೆಲವು ತಿಂಗಳಲ್ಲಿ ಅವರು ರಕ್ತದೊತ್ತಡದ ಗುಳಿಗೆ ಬಿಟ್ಟರು. ಕೇಳಿದರೆ, ‘ಕೈಯಂತೂ ಏಳವಲ್ದು, ಗುಳಿಗಿ ನುಂಗಿ ಏನ್ ಮಾಡ್ಲೋ ಅಳಿಯಾ?’ ಎಂದರು. ಆ ಗುಳಿಗೆ ಕೈ ಎತ್ತಿಸಲು ಅಲ್ಲ, ಮತ್ತೊಂದು ಆಘಾತವನ್ನು ತಡೆಯಲು ಎಂದು ಅವರಿಗೆ ಯಾರೂ ತಿಳಿಯುವಂತೆ ಹೇಳಿರಲಿಲ್ಲ. ಓದಿದವನೆನಿಸಿಕೊಂಡ ನಾನೂ ಹೇಳಲಿಲ್ಲ. ಹದಿನಾಲ್ಕನೆಯ ತಿಂಗಳಲ್ಲಿ ಎರಡನೆಯ ಆಘಾತವಾಯಿತು. ಈ ಬಾರಿ ಮಾತೇ ಹೋಯಿತು.

ಇದು ಒಂದು ಮನೆಯ ದುರದೃಷ್ಟವೆಂದು ನಾನು ತಿಳಿದಿದ್ದೆ. ಹುನಗುಂದ, ಬಾದಾಮಿ ತಾಲ್ಲೂಕುಗಳಲ್ಲಿರುವ ಬಂಧುಗಳ ಊರುಗಳಲ್ಲಿ ವಿಚಾರಿಸಿದಾಗಲೂ ಇಂಥವೇ ಕಥೆಗಳು ಕಿವಿಗೆ ಬಿದ್ದವು. ಗರ್ಭಿಣಿಯ ತಪಾಸಣೆ ಎಂದು, ಕೂಸಿನ ಲಸಿಕೆ ಎಂದು ಎಂಬುದನ್ನು ಊರಿನ ಆಶಾ ಕಾರ್ಯಕರ್ತೆ ತಡವರಿಸದೆ ಹೇಳಬಲ್ಲಳು. ಆದರೆ ಊರಲ್ಲಿ ಲಕ್ವ ಹೊಡೆದವರೆಷ್ಟು, ಅವರಲ್ಲಿ ನಡೆಯುವವರೆಷ್ಟು, ಗುಳಿಗೆ ಬಿಟ್ಟವರೆಷ್ಟು ಎಂದು ಕೇಳಿದರೆ ತೆರೆದು ತೋರಿಸಲು ಪುಸ್ತಕವಿಲ್ಲ. 2010ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವೊಂದರ ಹೆಸರಿನಲ್ಲಿ ಕ್ಯಾನ್ಸರ್, ಮಧುಮೇಹ, ಹೃದ್ರೋಗಗಳ ಜತೆಗೆ ಪಾರ್ಶ್ವವಾಯುವೂ ಇತ್ತು. 2023ರಲ್ಲಿ ಅದು ‘ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮ’ವಾಯಿತು, ಹೆಸರಿನಲ್ಲಿದ್ದ ಪಾರ್ಶ್ವವಾಯುವೂ ಮರೆಯಾಯಿತು.

ನಮ್ಮ ದೇಶದಲ್ಲಿ ಸಂಶೋಧನೆ ನಡೆದೇ ಇಲ್ಲವೆಂದಲ್ಲ. 14 ಆಸ್ಪತ್ರೆಗಳ 1,250 ರೋಗಿಗಳನ್ನು ಒಳಗೊಂಡ ‘ಅಟೆಂಡ್’ ಅಧ್ಯಯನದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಆರೈಕೆ ಮತ್ತು ವ್ಯಾಯಾಮದ ತರಬೇತಿಯನ್ನು ಮನೆಯವರಿಗೇ ಕೊಟ್ಟರೆ ಸಾಕೇ ಎಂಬುದು ಅದರ ಪ್ರಶ್ನೆ. ಆರು ತಿಂಗಳ ಬಳಿಕ ನೋಡಿದರೆ, ಮೃತರು ಮತ್ತು ಪರಾವಲಂಬಿಗಳ ಪ್ರಮಾಣ ತರಬೇತಿ ಪಡೆದವರಲ್ಲೂ ಪಡೆಯದವರಲ್ಲೂ ಶೇ 47. ಇನ್ನೊಂದು, 2023ರ ‘ಸ್ಪ್ರಿಂಟ್ ಇಂಡಿಯಾ’. 31 ಕೇಂದ್ರಗಳ 4,298 ರೋಗಿಗಳ ಪೈಕಿ ಅರ್ಧದಷ್ಟು ಜನರಿಗೆ ಮೊಬೈಲ್ ಸಂದೇಶ, ವಿಡಿಯೊ, ಕೈಪಿಡಿಗಳ ಮೂಲಕ ಎಚ್ಚರಿಕೆ ಹೇಳಲಾಯಿತು. ವರ್ಷದೊಳಗೆ ಮರುಕಳಿಸುವ ಆಘಾತಗಳು ಅದರಿಂದ ತಗ್ಗಲಿಲ್ಲ.

ಇವನ್ನು ಸೋಲು ಎನ್ನಲಾರೆ. ಹೊಣೆಯನ್ನು ಹೆಂಡತಿಯ ಹೆಗಲಿಗೋ ಮೊಬೈಲಿಗೋ ದಾಟಿಸಿದರೆ ಸಾಲದೆಂಬುದನ್ನು ಅವು ಪ್ರಾಮಾಣಿಕವಾಗಿ ತಿಳಿಸಿವೆ. ಆದರೆ ಅವುಗಳ ಲೆಕ್ಕ ಆಸ್ಪತ್ರೆಯಿಂದ ಆರಂಭವಾಗಿ ಆರು ತಿಂಗಳಿಗೋ ವರ್ಷಕ್ಕೋ ಮುಗಿಯುತ್ತದೆ. ನನ್ನ ಮಾವನ ಎರಡನೆಯ ಆಘಾತ ಇಂಥ ಲೆಕ್ಕದ ಆಚೆಗೇ ಬೀಳುತ್ತಿತ್ತು. ದಕ್ಷಿಣ ಲಂಡನ್ನಿನಲ್ಲಿ 1995ರಿಂದ ಒಂದು ದಾಖಲೆ ಪುಸ್ತಕವಿದೆ. ಆ ಪ್ರದೇಶದಲ್ಲಿ ಪಾರ್ಶ್ವವಾಯುವಿಗೆ ತುತ್ತಾದವರನ್ನು ಮೂರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ವರ್ಷವರ್ಷವೂ ವಿಚಾರಿಸಲಾಗುತ್ತದೆ. ವರ್ಷಗಳು ಉರುಳಿದರೂ ಖಿನ್ನತೆ, ಪರಾವಲಂಬನೆ ಬಿಡದೆ ಕಾಡುತ್ತವೆಂದು ಗೊತ್ತಾದದ್ದು ಇಂಥ ಪುಸ್ತಕಗಳಿಂದಲೇ.

ಅಂಥ ಪುಸ್ತಕ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ದುಬಾರಿಯೇ? ಬಯಲುಸೀಮೆಯಲ್ಲಿ ಒಂದು ಕೇಂದ್ರದ ವ್ಯಾಪ್ತಿ ಸುಮಾರು 30 ಸಾವಿರ ಜನ. ಸಾವಿರ ಜನರಿಗೊಬ್ಬ ಆಶಾ ಕಾರ್ಯಕರ್ತೆ. ಆಸ್ಪತ್ರೆಯ ಬಿಡುಗಡೆ ಚೀಟಿಯ ಪ್ರತಿ ಕೇಂದ್ರಕ್ಕೆ ತಲುಪಬೇಕು. ರಕ್ತದೊತ್ತಡ ಎಷ್ಟು, ಗುಳಿಗೆ ಸಿಗುತ್ತಿದೆಯೇ, ನಡಿಗೆ, ಮಾತು, ಕಸುಬು ಏನಾಯಿತು, ಆರೈಕೆ ಮಾಡುವವರ ಸ್ಥಿತಿ ಹೇಗಿದೆ—ಇಷ್ಟನ್ನು ನಿಗದಿತ ಅವಧಿಗೊಮ್ಮೆ ಬರೆದಿಟ್ಟರೆ ಸಾಕು. ಬಾದಾಮಿ, ಹುನಗುಂದಗಳ ಕೆಲವು ಕೇಂದ್ರಗಳಿಂದ ಆರಂಭಿಸಬಹುದು. ಬಾಗಲಕೋಟೆಯಲ್ಲಿ ವೈದ್ಯಕೀಯ ಕಾಲೇಜೂ ಇದೆ.

ಆಶಾ ಕಾರ್ಯಕರ್ತೆಯರಿಗೆ ಈಗಾಗಲೇ ಹೊರೆ ಹೆಚ್ಚು ಎಂಬ ಆಕ್ಷೇಪ ನ್ಯಾಯವಾದುದು. ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಗೌರವಧನ ಕೊಡಲೇಬೇಕು. ಮನೆಬಾಗಿಲಿನಲ್ಲೇ ರಕ್ತದೊತ್ತಡ, ಮಧುಮೇಹ ತಪಾಸಿಸುವ ‘ಗೃಹ ಆರೋಗ್ಯ’ ಯೋಜನೆಯನ್ನು ರಾಜ್ಯ ಸರ್ಕಾರ 2024ರಲ್ಲಿ ಆರಂಭಿಸಿದೆ. ಬಾಗಿಲಿಗೆ ಬಂದವರು ಒಳಗೆ ಮಲಗಿರುವವರನ್ನೂ ವಿಚಾರಿಸಲಿ. ಪುಸ್ತಕವೊಂದೇ ಬಿದ್ದ ಕೈಯನ್ನು ಎತ್ತಲಾರದು, ನಿಜ. ಅದಕ್ಕೆ ಫಿಸಿಯೋಥೆರಪಿ ಬೇಕು. ಆದರೆ ಎಷ್ಟು ಜನರಿಗೆ ಬೇಕೆಂದು ತೋರಿಸದೆ ಸರ್ಕಾರವನ್ನು ಕೇಳುವುದು ಹೇಗೆ?

ಪುನರ್ವಸತಿ ಎಂಬ ಮಾತು ಬಾಗಲಕೋಟೆಗೆ ಹೊಸದಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರಿಗಾಗಿ ನವನಗರ ಎದ್ದಿತು. ಅದಕ್ಕೆ ಮೊದಲು ಮುಳುಗುವ ಮನೆಗಳನ್ನು ಅಳೆದು, ಯಾರ ಮನೆ ಎಂದು ಬರೆದುಕೊಂಡರು. ಪರಿಹಾರ ಸಾಲದೆಂಬ ದೂರು ಇಂದಿಗೂ ಇದೆ. ಆದರೆ ದೂರು ಹೇಳುವವರ ಹೆಸರು ಪಟ್ಟಿಯಲ್ಲಾದರೂ ಇತ್ತು. ದೇಹದ ಅರ್ಧಭಾಗವನ್ನೇ ಕಳೆದುಕೊಂಡವರಿಗೆ ಆ ಪಟ್ಟಿಯೂ ಇಲ್ಲ.