ಲೋಟವೋ ಪರಾತವೋ?

ಮೊಮ್ಮಗಳು ಹುಂಡಿ ಒಡೆದಳು. ನಾನೇ ಎಣಿಸಿದೆ, ಎರಡು ಸಲ. ಬ್ಯಾಂಕಿನ ಚಾಳಿ ಬಿಡದು. ನನ್ನದಿಷ್ಟು ಸೇರಿ 10,000 ರೂಪಾಯಿ. ಅವಳಿಗೆ ಬೇಕಾದದ್ದು ಅಡುಗೆಮನೆಯ ಮಬ್ಬಿನಲ್ಲಿ ಅವರೆಕಾಯಿ ಸುಲಿಯುವ ನಮ್ಮಕ್ಕನ ಚಿತ್ರ. ಅಕ್ಕನಿಗೆ ಕಣ್ಣಿನ ಆಪರೇಷನ್ ಆಗಿದೆ, ಫ್ಲ್ಯಾಶ್ ಹೊಡೆದರೆ ಮುಖ ತಿರುಗಿಸುತ್ತಾಳೆ.

ಅಂಗಡಿಯವನು ಜೇಬಿಗಿಳಿಯುವ ಹೊಸ ಕ್ಯಾಮೆರಾ ತೋರಿಸಿ, "20 ಮೆಗಾಪಿಕ್ಸೆಲ್ ಸಾರ್!" ಎಂದ. ನಾನು ಕೇಳಿದ್ದು ಸೆನ್ಸರಿನ ಅಳತೆ. ಮಕ್ಕಳೇ, ಬೆಳಕು ಬೀಳುವ ಜಾಗ ಅದು. ಮಳೆನೀರು ಹಿಡಿಯಲು ಲೋಟ ಇಡುತ್ತೀರೋ ಪರಾತ ಇಡುತ್ತೀರೋ? ಆ ಪುಟ್ಟದರ ಸೆನ್ಸರ್ ಸುಮಾರು 28 ಚದರ ಮಿಲಿಮೀಟರ್. ಪಕ್ಕದಲ್ಲೇ ಇದ್ದ ಸೆಕೆಂಡ್‌ಹ್ಯಾಂಡ್ ನಿಕಾನ್ ಡಿ3100, 2010ರ ಮಾಡೆಲ್, 14 ಮೆಗಾಪಿಕ್ಸೆಲ್ಲಷ್ಟೇ. ಸೆನ್ಸರ್ ಮಾತ್ರ ಸುಮಾರು 355. ಹನ್ನೆರಡು ಪಟ್ಟಿಗೂ ಹೆಚ್ಚು!

ಹಳೆಯ ಮಾಲು, ನಂಬುವುದು ಹೇಗೆ? ಲೆನ್ಸಿಗೆ ಟಾರ್ಚ್ ಬಿಟ್ಟು ನೋಡಿದೆ, ಬೂಷ್ಟು ಹಿಡಿದಿರಲಿಲ್ಲ. ಅಪರ್ಚರ್ ಕಿರಿದು ಮಾಡಿಸಿ ಬಿಳಿ ಗೋಡೆಯ ಫೋಟೋ ತೆಗೆಸಿದೆ, ಕಪ್ಪು ಚುಕ್ಕೆಯೂ ಇಲ್ಲ. ಲೆನ್ಸ್ ಸಮೇತ 9,200ಕ್ಕೆ ಇಳಿದ. ಮಿಕ್ಕದ್ದು ಮೆಮೊರಿ ಕಾರ್ಡಿಗೆ.

ಆ ಸಂಜೆ ಮೊದಲ ನಾಲ್ಕು ಚಿತ್ರ ಕೈ ಅಲುಗಿ ಕೆಟ್ಟವು. ಐದನೆಯದಕ್ಕೆ ಮೊಣಕೈಯನ್ನು ಕಟ್ಟೆಗೆ ಊರಿದಳು. ಅಕ್ಕ ಕನ್ನಡಕ ಹಾಕಿಕೊಂಡು ನೋಡಿ, "ಬೆರಳೆಲ್ಲ ಎಷ್ಟು ಸುಕ್ಕಾಗಿದೆಯೇ" ಎಂದು ಮತ್ತೆ ಅವರೆಕಾಯಿಗೆ ಕೈ ಹಾಕಿದಳು.