ಖಾಡಿಯ ಅತಿಥಿಗಳೂ ಮನೆಯ ನಾಯಿಯೂ

ಮುಂಬಯಿಯ ಎರಡು ಕೋಣೆಗಳ ಮನೆಯಲ್ಲಿ ನಾಯಿಯನ್ನು ಸಾಕುವುದು ಸುಲಭದ ಮಾತಲ್ಲ. ಮನುಷ್ಯರಿಗೇ ಕೈಕಾಲು ಚಾಚಲು ಎಡೆಯಿಲ್ಲದಲ್ಲಿ ನಾಯಿಗೆ ಅಂಗಳವೆಲ್ಲಿಂದ ಬರಬೇಕು? ಆದುದರಿಂದ ಮುಲುಂಡ, ಭಾಂಡುಪ, ಐರೋಲಿಯ ನಿವಾಸಿಗಳು ಮುಂಜಾನೆ ನಾಯಿಯೊಡನೆ ಠಾಣೆ ಖಾಡಿಯ ಅಂಚಿಗೆ ಹೊರಟರೆ ತಪ್ಪೆನ್ನಲಾಗದು. ನಾಯಿಗೂ ಯಜಮಾನನಿಗೂ ವ್ಯಾಯಾಮ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಹತೋಟಿಯಲ್ಲಿಡಲು ನಡಿಗೆಗಿಂತ ಅಗ್ಗದ ಉಪಾಯವಿಲ್ಲ. ಆದರೆ ಅಲ್ಲಿ ತಲುಪಿದೊಡನೆ ಸರಪಳಿ ಬಿಚ್ಚಿ, ನಾಯಿಯನ್ನು ಹುಲ್ಲಿಗೂ ಕೆಸರಿಗೂ ನುಗ್ಗಲು ಬಿಡುವ ರೂಢಿಯನ್ನು ಮಾತ್ರ ಒಪ್ಪಲಾಗದು.

ಆ ನೆಲ ಪಾಳುಬಿದ್ದುದಲ್ಲ. ಅಲ್ಲಿಯ ಸುಮಾರು 1,690 ಹೆಕ್ಟೇರ್ ಕಾಂಡ್ಲಾ ಕಾಡು ಮತ್ತು ಜಲಪ್ರದೇಶವನ್ನು ಮಹಾರಾಷ್ಟ್ರ ಸರಕಾರವು 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವೆಂದು ಘೋಷಿಸಿತು. 2022ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್‌ಸರ್ ಪಟ್ಟಿಗೂ ಸೇರಿತು. ಅಭಯಾರಣ್ಯದ ಪ್ರವೇಶಕ್ಕೆ ಕಾಯಿದೆಯ ಕಟ್ಟುಪಾಡುಗಳಿವೆ. ಆದರೆ ಹಕ್ಕಿಗೆ ಗಡಿಕಲ್ಲು ತಿಳಿಯದು. ಹೊರಗಿನ ಉಪ್ಪಿನ ಆಗರ, ಹುಲ್ಲುಗಾವಲು, ಕೆಸರು ಎಲ್ಲವೂ ಅದರ ಊಟದ ಎಲೆಯೇ.

ಉತ್ತರದ ಶೀತದೇಶಗಳಿಂದ ಚಳಿಗಾಲಕ್ಕೆ ಬರುವ ಪುಟ್ಟ ಹಕ್ಕಿಗಳು ಇಲ್ಲಿಯ ಹುಳುಹುಪ್ಪಟೆಗಳನ್ನು ತಿಂದು, ಮರುಪ್ರಯಾಣಕ್ಕಾಗಿ ಮೈಯಲ್ಲಿ ಕೊಬ್ಬನ್ನು ಕೂಡಿಡುತ್ತವೆ. ಅದು ಅವುಗಳ ಉಳಿತಾಯ ಖಾತೆ. ನಾಯಿಯೊಂದು ಆಟಕ್ಕೆಂದು ಬೆನ್ನಟ್ಟಿದಾಗಲೆಲ್ಲ ಆ ಖಾತೆಯಿಂದ ಖರ್ಚು ಬೀಳುತ್ತದೆ. ನಾಯಿ ಏನನ್ನೂ ಕೊಲ್ಲಲಿಲ್ಲವೆಂಬ ಸಮಾಧಾನ ಆದುದರಿಂದ ಸಾಲದು. ಇನ್ನು ಟಿಟ್ಟಿಭವು ಬೇಸಗೆಯಲ್ಲಿ ಬಯಲು ನೆಲದ ಮೇಲೆಯೇ ಮೊಟ್ಟೆಯಿಡುತ್ತದೆ. ಪಂಚತಂತ್ರದ ಟಿಟ್ಟಿಭ ತನ್ನ ಮೊಟ್ಟೆಗಳಿಗಾಗಿ ಸಮುದ್ರದೊಡನೆಯೇ ಹಟ ತೊಟ್ಟು ಗೆದ್ದಿತು. ಖಾಡಿಯಂಚಿನ ಟಿಟ್ಟಿಭ ನಾಯಿಯೆದುರು ಕೂಗುವುದಲ್ಲದೆ ಮತ್ತೇನು ಮಾಡೀತು?

ಮನೆಯವರ ಆರೋಗ್ಯದ ಪ್ರಶ್ನೆಯೂ ಇದೆ. ಇಲಿ ಮೊದಲಾದ ಪ್ರಾಣಿಗಳ ಮೂತ್ರ ಬೆರೆತ ನೀರು, ಕೆಸರುಗಳಿಂದ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿಜ್ವರ, ಹರಡುತ್ತದೆ. 2005ರ ಜುಲೈ 26ರಂದು ಮುಂಬಯಿಯಲ್ಲಿ 944 ಮಿಲಿಮೀಟರ್ ಮಳೆ ಸುರಿದು ನೆರೆಯಿಳಿದ ಬಳಿಕ ಈ ಜ್ವರ ಹಲವರ ಪ್ರಾಣ ತೆಗೆದುದನ್ನು ಹಳಬರು ಮರೆತಿಲ್ಲ. ಕೆಸರಿನಲ್ಲಿ ಹೊರಳಿದ ನಾಯಿಗೂ ಅದು ತಗಲಬಹುದು. ಸೋಂಕು ತಗಲಿದ ನಾಯಿಯ ಮೂತ್ರದಿಂದ ಮನೆಮಂದಿಗೂ ಬರಬಹುದು. ನಾಯಿಗೆ ರೇಬೀಸ್ ಲಸಿಕೆಯೊಡನೆ ಇದರ ಲಸಿಕೆಯನ್ನೂ ವರ್ಷವರ್ಷವೂ ಹಾಕಿಸಬೇಕು. ತಿರುಗಾಡಿ ಬಂದ ಮೇಲೆ ಅದರ ಕಾಲು ತೊಳೆದು ಒರೆಸಿ, ಕಿವಿಯ ಸಂದಿಯಲ್ಲಿ ಉಣ್ಣೆಗಳಿವೆಯೇ ಎಂದು ನೋಡಬೇಕು. ಕಾಲಿನಲ್ಲಿ ಗಾಯವಿದ್ದವರು ಕೆಸರಿಗಿಳಿಯಬಾರದು. ಇಳಿದ ಬಳಿಕ ಜ್ವರ ಬಂದರೆ ವೈದ್ಯರಿಗೆ ಆ ಸಂಗತಿಯನ್ನು ತಿಳಿಸಬೇಕು.

ಬೀದಿನಾಯಿಗಳು ಅಲೆಯುತ್ತಿರುವಾಗ ಸಾಕುನಾಯಿಯನ್ನು ಮಾತ್ರ ಕಟ್ಟುವುದೇಕೆಂದು ಕೆಲವರು ಕೇಳುತ್ತಾರೆ. ಬೀದಿನಾಯಿಗೆ ಬುದ್ಧಿ ಹೇಳುವವರಿಲ್ಲ; ಸಾಕುನಾಯಿಗೆ ಯಜಮಾನನಿದ್ದಾನೆ. ಹತ್ತು ಅಡಿ ಹಗ್ಗ ಹಿಡಿದು ರಸ್ತೆಯ ಮೇಲೆಯೇ ಒಂದು ಗಂಟೆ ನಡೆಸಿದರೆ ನಾಯಿಯ ಸಂತೋಷಕ್ಕೇನೂ ಕೊರತೆಯಾಗದು.

ಫ್ಲೆಮಿಂಗೊಗಳು ಕಚ್ಛದ ರಣದಂಥ ದೂರದ ನೆಲದಲ್ಲಿ ಮರಿಮಾಡಿ, ಹೊಟ್ಟೆಪಾಡಿಗೆ ಮುಂಬಯಿಗೆ ಬರುತ್ತವೆ. ಕಾಲ ಬಂದಾಗ ಊರಿಗೆ ಮರಳುತ್ತವೆ. ಊರು ಬಿಟ್ಟು ಬಂದು ಈ ನಗರದ ಅನ್ನ ಉಂಡ ಕನ್ನಡಿಗರಿಗೆ ಆ ಬಾಳು ಹೊಸದಲ್ಲ. ಉಣ್ಣುತ್ತ ಕುಳಿತವನನ್ನು ಎಬ್ಬಿಸಬಾರದೆಂಬುದು ಅವರ ಮನೆಗಳ ಹಳೆಯ ನಡವಳಿಕೆ. ಅದನ್ನು ಖಾಡಿಯ ದಡದಲ್ಲಿಯೂ ಪಾಲಿಸಿದರೆ ಸಾಕು.